ಖಾಲಿ ಡಬ್ಬಿ ತಂದ ಯಲ್ಲಮ್ಮ

ಅಲ್ಲ ಅಳಿಯಂದ್ರ, ನೌಕರಿ ಬಿಟ್ಟು ಧಂದೆ ಮಾಡ್ತೀನಂತೀರಿ, ಹತ್ತು ಮಂದಿ ಚಲೋ ಐತಿ ಅಂದ್ರ ಹತ್ತೂ ಮಂದಿ ಕೊಳ್ತಾರಂತ ನಿಮಗ ಯಾರು ಹೇಳಿದ್ರು? ನಿಮ್ಮತ್ತಿ ರೊಟ್ಟಿಗೆ ನಲವತ್ತು ಮನಿಯವರು ಚಲೋ ಐತಿ ಅಂದಿದ್ರು. ನಲವತ್ತಲ್ಲ, ಹದಿನಾಲ್ಕು. ನಾ ಹೇಳೋ ಲೆಕ್ಕಾ ನಿಮ್ಮತ್ತಿ ಅರ್ಧಾ ಮಾಡಿ ನಂಬ್ತಾಳ, ನೀವೂ ಹಂಗ ಮಾಡ್ರಿ. ಆಗ ನಾಚಾರಂದಾಗ ನಾ ಕೆಲಸಕ್ಕಿದ್ದ ಪ್ಲಾಸ್ಟಿಕ್ ಡಬ್ಬಿ ಫ್ಯಾಕ್ಟರಿ ಮುಚ್ಚಿತ್ತು. ಹೋಗೋ ಮುಂದ ಮಾಲಕ ಕಣ್ಣೀರು ಹಾಕಿ ಎರಡು ಚೀಲ ಖಾಲಿ ಡಬ್ಬಿ ಕೊಟ್ಟ. ಕಣ್ಣೀರು ನಾ ಸೇರಿಸಿದ್ದು, ಡಬ್ಬಿ ಖರೆ. ಆರು ತಿಂಗಳು ಕೂಕಟ್‌ಪಲ್ಲಿ ಮನಿಯಾಗ ನಾನು, ಆ ಚೀಲ, ಎದುರಾಬದುರು ಕುಂತಿದ್ವಿ. ನಿಮ್ಮತ್ತಿ ಒಬ್ಬಾಕಿನ ಟೇಲರ್ ಅಂಗಡಿಯಾಗ ಬ್ಲೌಸ್ ಹೊಲದು ಮನಿ ನಡಸ್ತಿದ್ಲು. ಒಂದಿನ ಡಬ್ಬಿ ನೋಡಿ ಅಂದ್ಲು, "ಇದರಾಗ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ತುಂಬಿ ಮಾರಿದ್ರ ಹೆಂಗ್ರಿ?" ನಾ ಏನಂದೆ? "ಮೊದಲ ಪುಕ್ಕಟೆ ಹಂಚಿ ನೋಡೂಣು, ಮಂದಿ ಏನಂತಾರ ಕೇಳೂಣು." ಶಾಣ್ಯಾ ಮಾತು ಹೌದಲ್ಲ? ನಾ ಆಡಿದ್ದು ಅದೊಂದ.

ಈಗ ನೋಡ್ರಿ, ರೊಟ್ಟಿ ಅಂದ್ರ ಪರಾತದಷ್ಟು ಅಗಲ, ನಮ್ಮ ಡಬ್ಬಿ ಅಂಗೈಯಷ್ಟು. ಬಿಸಿ ಇದ್ದಾಗ ನಾಕು ಮಡಿಕಿ ಮಾಡಿ ತುರುಕಿದ್ವಿ. ಆಮ್ಯಾಲ ಆರಿತಲ್ಲ, ಅದು ರೊಟ್ಟಿ ಆಗಿ ಉಳೀಲಿಲ್ಲ, ಒಡದ ಹಂಚಾತು. ನಮಗೇನು ಗೊತ್ತು, ಹಂಚಿ ಬಂದ್ವಿ. ಮರುದಿನ ಡಬ್ಬಿ ವಾಪಸ್ ಬಂದ್ವು ನೋಡ್ರಿ, ಒಂದೂ ಖಾಲಿ ಇಲ್ಲ. ನಮ್ಮ ಮಂದಿ ಗೊತ್ತೈತಲ್ಲ, ಕೊಟ್ಟ ಡಬ್ಬಿ ಬರೇದ ತಿರುಗಿ ಕೊಡಬಾರದು. ಒಬ್ಬರು ಸಕ್ಕರಿ, ಒಬ್ಬರು ಉಪ್ಪಿಟ್ಟು, ಎದುರು ಮನಿ ತೆಲುಗಿನ ಲಕ್ಷ್ಮೀಗಾರು ಮಾವಿನ ಉಪ್ಪಿನಕಾಯಿ ಹಾಕಿ, "ಚಾಲಾ ಬಾಗುಂದಿ, ಶಾರದಮ್ಮಾ" ಅಂದ್ರು, ಭಾಳ ಚಲೋ ಐತಿ ಅಂತ. ರಿಟೈರ್ಡ್ ಕುಲಕರ್ಣಿ ಮಾಸ್ತರು ನಾಕು ಬಾಳೆಹಣ್ಣು ಕೊಟ್ಟು, "ಅಮೃತರೀ" ಅಂದ್ರು. ನಿಮ್ಮತ್ತಿ ಹಿಗ್ಗಿ ಹೀರೇಕಾಯಿ ಆದ್ಲು. "ಸೋಮವಾರ ಟೇಲರ್‌ಗೆ ಹೇಳಿಬಿಡ್ತೀನಿ, ಇನ್ನ ನಾ ಬರೂದಿಲ್ಲಂತ." ಮನಿಯಾಗ ಇದ್ದದ್ದು ಆಕೀದೊಂದ ಪಗಾರ. ಅದರಾಗ ಅವತ್ತ ಬಟ್ಟಿ ಒಣಹಾಕಾಕ ಮಾಳಿಗಿ ಮ್ಯಾಲ ಹೋಗಿದ್ದೆ. ಪಾರಿವಾಳಕ್ಕ ಕಾಳು ಹಾಕೋ ತಾಟಿನಾಗ ನಮ್ಮ ರೊಟ್ಟಿ ಚೂರು ಗುಡ್ಡಿ ಬಿದ್ದಿತ್ತು. ಒಂದು ಪಾರಿವಾಳ ಕುಕ್ಕಿ ನೋಡಿ, ನನ್ನ ಮಾರಿ ನೋಡಿ, ಹಾರಿಹೋತು. ಖರೇನ, ನನ್ನ ಮಾರೀನ ನೋಡ್ತು.

ನಾ ಹೇಳಿದ್ರ ನಿಮ್ಮತ್ತಿ ನಂಬ್ತಾಳೇನು? ಅದಕ್ಕೊಂದು ಹುಡುಗಾಟ ಮಾಡಿದೆ. ಶನಿವಾರ ಸಂಜಿಮುಂದ ಉಳಿದ ಒಂದು ಡಬ್ಬಿ ತಗೊಂಡು ಪಾರ್ಕಿಗೆ ಹೊಂಟೆ. ಆಕಿಗೆ ಫೋನ್ ಹಚ್ಚಿ, "ಸುಮ್ಮನ ಕೇಳಿಸ್ಕೋ" ಅಂತ ಹೇಳಿ, ಫೋನ್ ಅಂಗಿ ಕಿಸೇದಾಗ ಇಟ್ಕೊಂಡೆ. ಕುಲಕರ್ಣಿ ಮಾಸ್ತರು ಬೆಂಚಿನ ಮ್ಯಾಲ ಕುಂತಿದ್ರು. "ಮಾಸ್ತರ, ಇದು ನಮ್ಮನೀದಲ್ರಿ. ಶಂಶಾಬಾದದಾಗ ಒಬ್ಬಾಂವ ಮಾರಾಕ ಮಾಡ್ಯಾನ. ಹೆಂಗೈತಿ ಹೇಳ್ರಿ, ಅವಂಗ ಮುಟ್ಟಸ್ತೀನಿ." ಮಾಸ್ತರು ಒಂದು ಚೂರು ಬಾಯಾಗ ಇಟ್ಟು, ಹೊಳ್ಳಿ ಕೈಯಾಗ ತಗೊಂಡ್ರು. "ಅವನೇನು ಗೌಂಡಿ ಏನ್ರೀ? ಇದನ್ನ ತಿನ್ನಾಕ ಕೊಟ್ಟಾನೋ, ಗ್ವಾಡಿಗೆ ಹಚ್ಚಾಕೋ? ಚಟ್ನಿ ಭಾಳ ರುಚಿ ಐತಿ, ಅದನ್ನಷ್ಟ ಮಾರಂತ ಹೇಳ್ರಿ." ಆಮ್ಯಾಲ ದನಿ ಸಣ್ಣ ಮಾಡಿ, "ನಿಮ್ಮ ಶಾರದಾಬಾಯಿ ಕೊಟ್ಟದ್ದೂ ಹಿಂಗ ಇತ್ತು. ಪಾಪ, ಆಕಿಗೆ ಹೆಂಗ ಹೇಳಬೇಕು?" ನನ್ನ ಕಿಸೇದಾಗಿಂದ ದನಿ ಬಂತು, "ಹಿಂಗ ಹೇಳಬೇಕ್ರಿ, ಮಾಸ್ತರ." ಮಾಸ್ತರು ಮೊದಲ ನನ್ನ ಕಿಸೆ ನೋಡಿದ್ರು, ಆಮ್ಯಾಲ ಮುಗಿಲು ನೋಡಿದ್ರು, ಆಮ್ಯಾಲ ಚಪ್ಪಲಿ ಹುಡುಕಾಕತ್ತಿದ್ರು.

ಮನಿಗೆ ಹೋದ್ರ ಚಹಾ ಸೈತ ಇಲ್ಲ. ಆಕೀನ ಕೇಳಿದ್ಲು, "ಚಟ್ನಿ ಚಲೋ ಐತಿ ಅಂದ್ರಲ್ಲ, ಅದು ಖರೇನೋ ಸುಳ್ಳೋ?" "ನಮ್ಮನೀದಲ್ಲ ಅಂತ ಹೇಳಿದ ಮ್ಯಾಲ ಅಂದಾರಲ್ಲ, ಖರೇನ ಇರಬೇಕು" ಅಂದೆ. ರವಿವಾರ ಮುಂಜಾನೆ ಎದ್ದು ಡಬ್ಬಿ ಮುಚ್ಚಳಾನ ಅಳತಿ ಹಿಡದು ಸಣ್ಣ ಸಣ್ಣ ರೊಟ್ಟಿ ಬಡದ್ಲು, ಹಾಳಿಯಷ್ಟು ತೆಳ್ಳಗ. ಮಡಚೋ ಮಾತಿಲ್ಲ. ಪೂರ್ತಿ ಕಡಕ್ ಆದಮ್ಯಾಲ ಒಂದರ ಮ್ಯಾಲೊಂದು ಇಟ್ಲು. ಹೊಳ್ಳಿ ಅದ ಹದಿನಾಲ್ಕು ಮನಿಗೆ ಕೊಟ್ಟೆ. ಇನ್ನೊಂದು ಡಬ್ಬಿ ಉಳೀತು, ಅದನ್ನ ಹಿಂದ ಕಟ್ಟಾಕತ್ತಿದ್ದ ಬಿಲ್ಡಿಂಗ್ ಕೆಲಸಕ್ಕ ಬಂದಿದ್ದ ಯಾದಗಿರಿ ಕಡೆ ಯಲ್ಲಮ್ಮಗ ಕೊಟ್ಟೆ.

ಸೋಮವಾರ ನಿಮ್ಮತ್ತಿ ಹೆಗಲಿಗೆ ಚೀಲ ಹಾಕ್ಕೊಂಡು ಹೊಸ್ತಲದಾಗ ನಿಂತಾಳ. ಟೇಲರ್‌ಗೆ ಬಿಡ್ತೀನಿ ಅನ್ಲೋ ಬ್ಯಾಡೋ, ಆಕಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಷ್ಟರಾಗ ಹದಿನಾಲ್ಕು ಡಬ್ಬಿ ಬಂದಿದ್ವು, ಹದಿನಾಲ್ಕೂ ತುಂಬಿ, ಅದ ಸಕ್ಕರಿ, ಅದ "ಬಾಗುಂದಿ". ಹಿಂದಿಂದ ಯಲ್ಲಮ್ಮ ಬಂದ್ಲು, ಡಬ್ಬಿ ಮುಂದ ಹಿಡದ್ಲು. ತೆಗದು ನೋಡಿದ್ರ ಖಾಲಿ, ತೊಳದು ಫಳಫಳ ಅಂತಿತ್ತು. ನಿಮ್ಮತ್ತಿ ಮಾರಿ ಗಂಟಾತು. ಯಲ್ಲಮ್ಮ ಅಂದ್ಲು, "ಅಕ್ಕಾರ, ಖಾಲಿ ಯಾಕ ತಂದೀನಿ ಅಂದ್ರ ತುಂಬಿಸ್ಕೊಂಡು ಹೋಗಾಕ. ನಾವು ಹತ್ತು ಮಂದಿ ಹೆಣ್ಮಕ್ಕಳದೀವಿ, ನಸುಕಿನಾಗ ಹೊಂಡೋರಿಗೆ ರೊಟ್ಟಿ ಬಡಿಯಾಕ ಪುರಸೊತ್ತೆಲ್ಲಿ? ದಿನಾ ಕೊಡ್ತೀರೇನು? ಪುಕ್ಕಟೆ ಬ್ಯಾಡ, ಎಷ್ಟಕ್ಕೊಂದು ಹೇಳ್ರಿ." ನೋಡ್ರಿ, ಅಷ್ಟು ದಿನದಾಗ ರೇಟು ಕೇಳಿದಾಕಿ ಆಕಿ ಒಬ್ಬಾಕಿ.

ನಿಮ್ಮತ್ತಿ ಚೀಲ ಕೆಳಗಿಟ್ಲು. ಕೆಲಸ ಪೂರ್ತಿ ಬಿಡ್ಲಿಲ್ಲ, ಶಾಣ್ಯಾಕಿ, ಟೇಲರ್‌ಗೆ ಅರ್ಧಾ ದಿನ ಬರ್ತೀನಿ ಅಂದ್ಲು. ಪೂರ್ತಿ ಬಿಟ್ಟದ್ದು ಆಮ್ಯಾಲ, ದಿನಾ ಅರವತ್ತು ಡಬ್ಬಿ ಹೊಂಡಾಕತ್ತಿದ ಮ್ಯಾಲ. ಆತು, ಅರ್ಧಾ ಮಾಡ್ಕೊಳ್ರಿ, ಮೂವತ್ತು. ಅದಕ್ಕ ಹೇಳೂದು, ಡಬ್ಬಿ ತುಂಬಿಸಿ ಕೊಡಾಂವ ನೆಂಟ, ಖಾಲಿ ಡಬ್ಬಿ ತಂದಾಂವ ಗಿರಾಕಿ. ಇಬ್ಬರೂ ಬೇಕು, ಆದ್ರ ಕೆಲಸ ಬಿಡೂದು ಎರಡನೇದಾಂವ ಬಂದ ಮ್ಯಾಲ. ಹೂಂ, ಆ ಚಟ್ನಿ ಇತ್ಲಾಗ ಸರಸ್ರಿ.