ಕೊನೆಯ ಕುಳಿ

ಸಂಜೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಪ್ಪ, ಮಗಳು ಕುಳಿತಿದ್ದರು. ಅಪ್ಪನ ಪ್ಯಾಂಟಿಗೆ ಹುಲ್ಲು ಮೆತ್ತಿತ್ತು. ಮಗಳ ತೊಡೆಯ ಮೇಲೆ ಗಾಲ್ಫ್ ಚೀಲವಿತ್ತು. ನಾನು ಕಿಟಕಿಯತ್ತ ಮುಖ ತಿರುಗಿಸಿಕೊಂಡೇ ಕೇಳಿಸಿಕೊಂಡೆ.

"ಅಪ್ಪಾ, ನಾಳೆ ಟೂರ್ನಿ ಮುಗಿಯುತ್ತೆ. ನಾನು ಒಂದೇ ಒಂದು ಹೊಡೆತ ಮುಂದಿದೀನಿ. ದಿನಾ ಬೆಳಿಗ್ಗೆ ಚೆಂಡು ಬೀಳೋ ಕುಳಿಯ ಜಾಗ ಬದಲಾಯಿಸೋನು ನೀನೇ ತಾನೇ? ಕೊನೇದು ಎಲ್ಲಿ ತೋಡ್ತೀಯ, ಹೇಳು."

"ಬೆಳಿಗ್ಗೆ ಎಲ್ಲರಿಗೂ ಕುಳಿ ಎಲ್ಲಿದೆ ಅಂತ ಚೀಟಿ ಕೊಡ್ತಾರೆ. ಆಗ ನೋಡ್ಕೋ."

"ಬಾಯಲ್ಲಿ ಹೇಳ್ಬೇಡ. ಎಡಕ್ಕಾದ್ರೆ ಒಂದ್ಸಲ ಕೆಮ್ಮು, ಸಾಕು."

"ನಿನ್ನ ದೆಸೆಯಿಂದ ಮೂರು ದಿನದಿಂದ ಬಂದ ಕೆಮ್ಮನ್ನೂ ತಡ್ಕೊಂಡಿದೀನಿ ಕಣೇ."

"ಹೋದ ವರ್ಷ ಗೆದ್ದ ಮೇಡಂ ಸ್ವಿಂಗಿನ ಗುಟ್ಟನ್ನೇ ಹೇಳ್ಕೊಟ್ರು, ಹೊಡೆಯುವಾಗ ಉಸಿರು ಬಿಡು ಅಂತ. ನೀನು ನೋಡಿದ್ರೆ, ಹೆತ್ತಪ್ಪ!"

"ಉಸಿರು ಬಿಡು. ನನ್ನ ತಲೆ ತಿನ್ನೋದನ್ನೂ ಬಿಡು."

ಅವಳು ನಕ್ಕಳು. ಆಮೇಲೆ ದನಿ ತಗ್ಗಿತು.

"ನಾಳೆ ಎಷ್ಟು ಹೊಡೆದ್ರೂ ಚೆಂಡು ಬೀಳದೇ ಹೋದ್ರೆ?"

ಅವರ ಸ್ಟಾಪ್ ಬಂತು. ಅಪ್ಪ ಚೀಲವನ್ನು ಹೆಗಲಿಗೇರಿಸಿದರು.

"ಆಟ ಮುಗಿದ ಮೇಲೆ ಆ ಕುಳಿ ಮುಚ್ಚೋನು ಯಾರೇ?"

"ನೀನೇ."

"ಮತ್ತೆ? ನಿನ್ನ ಚೆಂಡು ಬೀಳೋವರೆಗೂ ನಾನು ಮುಚ್ಚಲ್ಲ. ನಡಿ, ಇಳಿ."