ಎಡೆಗಿಟ್ಟ ಡಿಸ್ಕು

ಬ್ಯಾಗಿನೊಳಗೆ ಟಿಕ್ ಅಂದಿತು.

ಹಂಸ ನಿಂತಳು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿನಲ್ಲಿ ಷಟರುಗಳೆಲ್ಲ ಇಳಿದಿದ್ದವು. ಶಿವಾಜಿನಗರದಿಂದ ಬಂದ ಕೊನೇ ಬಸ್ಸು ಅವಳನ್ನು ಇಳಿಸಿ ಹೋಗಿಯಾಗಿತ್ತು. ಮನೆಗೆ ಹಳೇ ಗಲ್ಲಿ ಹಿಡಿದೇ ಹೋಗಬೇಕು. ಗಲ್ಲಿಯ ತಿರುವಿನಲ್ಲಿ ಬಾವಿ, ಅವಳು ನಿಂತದ್ದು ಅದರ ಪಕ್ಕದಲ್ಲೇ. ನೀರಿಲ್ಲದ ಬಾವಿ, ಮೇಲೊಂದು ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಬೀದಿಯವರೆಲ್ಲ ಎಸೆದ ಕಸ. ಆ ಬಾವಿಯ ಬಗ್ಗೆ ಹತ್ತಾರು ಕತೆ ಹೇಳ್ತಾರೆ. ಎಲ್ಲ ಬುರುಡೆ. ಇದು ಬುರುಡೆಯಲ್ಲ. ಇದು ನಮ್ಮ ಪಕ್ಕದ ಮನೆ ಹಂಸಳಿಗೆ ಆದದ್ದು.

ಟಿಕ್… ಟಿಕ್… ಟಿಕ್.

ಆಮೇಲೆ ಸುಮ್ಮನಾಯಿತು.

ಇಲಿಯ ಸದ್ದಲ್ಲ. ನೀರು ತೊಟ್ಟಿಕ್ಕುವ ಸದ್ದೂ ಅಲ್ಲ. ಉಗುರಿನಿಂದ ಸ್ಟೀಲ್ ಡಬ್ಬಿ ತಟ್ಟಿದ ಹಾಗೆ… ಸಣ್ಣಗೆ, ಗಟ್ಟಿಯಾಗಿ. ಅವಳು ಬ್ಯಾಗಿನ ಜಿಪ್ಪು ಎಳೆದಳು. ಒಳಗೆ ಮಗುವಿನ ಹಳೇ ಟವೆಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕು. ಅಂಗೈಯಗಲದ ಡಬ್ಬಿ. ವೈರಿಲ್ಲ. ಕರೆಂಟಿಲ್ಲ. ಟವೆಲಿನ ಮೇಲೆ ಕೈ ಇಟ್ಟಳು.

ಟಿಕ್… ಟಿಕ್… ಟಿಕ್.

ಅಂಗೈಗೇ ಬಡಿಯಿತು.

ಹಂಸ ಹೆದರುವ ಹೆಂಗಸಲ್ಲ. ಗ್ಯಾಸಿನವನು ಎರಡು ದಿನ ತಡ ಮಾಡಿದರೆ ಅವನ ವಂಶವನ್ನೇ ವಿಚಾರಿಸಿಕೊಳ್ಳುವವಳು. ಆ ರಾತ್ರಿ ಮಾತ್ರ ಬಾವಿಯಿಂದ ಮನೆಯವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಆ ಡಬ್ಬಿಯಲ್ಲಿ ಅವಳ ಗಂಡ ನಿತೀಶನ ದನಿ ಇತ್ತು.

ನಿತೀಶ ಮದುವೆ ವಿಡಿಯೋ ತೆಗೆಯುವವನು. ಹಂಸ ಬಸುರಿಯಾದಾಗ ದಿನಾ ರಾತ್ರಿ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಅವಳ ಹೊಟ್ಟೆಗೆ ಬಾಯಿಟ್ಟು ಮಾತಾಡುತ್ತಿದ್ದ. "ಒಳಗಿರೋ ಸಾಹೇಬ್ರೇ, ಒದೀಬೇಡಿ, ನಿಮ್ಮಮ್ಮ ಆಮೇಲೆ ನನ್ನ ಒದೀತಾಳೆ" ಅನ್ನುವಂಥ ಮಾತುಗಳು. ಅವನದೊಂದು ಚಾಳಿ. ಭಾನುವಾರ ಬಂತೆಂದರೆ ಫೋನಿನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಹಾಕಿ ಫೋನು ಖಾಲಿ ಮಾಡುತ್ತಿದ್ದ. "ಫೋನ್ ಕಳ್ದೋಗುತ್ತೆ ಕಣೇ, ಡಿಸ್ಕ್ ಎಲ್ಲಿಗೋಗುತ್ತೆ?" ಅನ್ನುತ್ತಿದ್ದ. ಡಿಸ್ಕ್ ಎಲ್ಲಿಗೂ ಹೋಗಲಿಲ್ಲ. ಡೆಂಗ್ಯೂ ಬಂದು ಅವನು ಹೋದ.

ಮಗು ಹುಟ್ಟಿದ್ದು ಆಮೇಲೆ. ಅತ್ತೆ ಅಣ್ಣಮ್ಮ ಹಠ ಹಿಡಿದು ಲಕ್ಷ್ಮಿದೇವಿ ಅಂತ ಹೆಸರಿಟ್ಟರು, ಹಂಸ ಹಠ ಹಿಡಿದು ಲಚ್ಚು ಅಂತ ಕರೆದಳು. ಲಚ್ಚು ಅಪ್ಪನನ್ನು ಫೋಟೋದಲ್ಲಿ ನೋಡಿತ್ತು. ದನಿ ಕೇಳಿರಲಿಲ್ಲ. ಹಂಸಳಿಗೇ ಆ ರೆಕಾರ್ಡಿಂಗ್ ಹಾಕುವ ಧೈರ್ಯ ಬಂದಿರಲಿಲ್ಲ. ಇವತ್ತು ನಾಳೆ ಅಂತ ದೂಡಿ ದೂಡಿ, ಈ ಸಲದ ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಡಿಸ್ಕಿಗೆ ವೈರ್ ಚುಚ್ಚಿದಳು.

ಡಿಸ್ಕು ತೆರೆಯಲಿಲ್ಲ. ಟಿಕ್ ಟಿಕ್ ಟಿಕ್ ಅಂದು ಸುಮ್ಮನಾಯಿತು.

ಶಿವಾಜಿನಗರದಲ್ಲಿ ಮೊಹ್ಸಿನ್ ಅಂತ ಒಬ್ಬ ಇದ್ದಾನೆ. ಕಂಪ್ಯೂಟರ್ ರಿಪೇರಿ ಅಂಗಡಿ, ನಿತೀಶನ ಗೆಳೆಯ. ಡಿಸ್ಕನ್ನು ಅವನ ಕೈಗೆ ಕೊಟ್ಟಿದ್ದಳು. ಏನಾಯಿತೆಂದು ಕೇಳಲು, ಬಾವಿಯಿಂದ ಓಡಿದ ಆ ದಿನವೇ ಸಂಜೆ ಹೋದರೆ, ಅವನು ಅಂಗಡಿಯ ಅರ್ಧ ಷಟರ್ ಎಳೆದು ಒಬ್ಬನೇ ಕೂತಿದ್ದ.

"ವೈರ್ ಬದಲಾಯಿಸ್ದೆ ಭಾಭಿ. ಬೇರೆ ಕಂಪ್ಯೂಟರ್‌ಗೆ ಹಾಕ್ದೆ. ಮೇಲಿನ ಕವರ್ ಬಿಚ್ಚಿ ನೇರವಾಗಿ ಕನೆಕ್ಷನ್ ಕೊಟ್ಟೆ. ಇದೇ ಮಾಡೆಲ್ ಇನ್ನೊಂದು ಹುಡುಕಿ ಅದರ ಬೋರ್ಡ್ ಹಾಕ್ದೆ. ಏನೂ ಇಲ್ಲ."

"ಸತ್ತೋಗಿದೆಯಾ?"

"ಸತ್ತಿದ್ರೆ ಸುಮ್ನೆ ಇರ್ಬೇಕಿತ್ತು." ಮೊಹ್ಸಿನ್ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೇಲೆ ಊರಿ ಹಿಡಿಯನ್ನು ಕಿವಿಗೆ ಒತ್ತಿಕೊಂಡ. "ಕೆಟ್ಟಿರೋ ಡಿಸ್ಕ್ ಟಿಕ್ ಟಿಕ್ ಅಂತ ಬಡೀತಾನೇ ಇರುತ್ತೆ, ಬಿಡುವೇ ಕೊಡಲ್ಲ. ಇದು ಮೂರು ಸಲ ಬಡಿದು ನಿಲ್ಲುತ್ತೆ. ಮತ್ತೆ ಮೂರು. ಇಷ್ಟು ವರ್ಷದಲ್ಲಿ ನಾನು ಇಂಥದ್ದು ಕೇಳಿಲ್ಲ."

"ಡಾಕ್ಟರ್ ಥರ ಕಿವಿ ಇಟ್ಟಿದ್ದು ಸಾಕು ಮೊಹ್ಸಿನ್ ಭಾಯ್. ಔಷಧಿ ಹೇಳು."

ಅವನು ನಗಲಿಲ್ಲ. "ಇನ್ಮೇಲೆ ಇದಕ್ಕೆ ಕರೆಂಟ್ ಕೊಡ್ಬೇಡಿ. ಒಳಗೆ ಗಾಜಿನ ತಟ್ಟೆ ತಿರುಗುತ್ತೆ, ಅದರ ಮೇಲೆ ಒಂದು ಮುಳ್ಳು ಓಡುತ್ತೆ, ತಟ್ಟೆಗೆ ತಾಗದ ಹಾಗೆ. ತಾಗ್ತೋ… ನಿತೀಶ್ ದನಿ ಗೀರಿ ಹೋಗುತ್ತೆ. ಸೋಮವಾರ ಗರುಡಾಚಾರ್‌ಪಾಳ್ಯದ ಲ್ಯಾಬಿಗೆ ಕೊಡೋಣ. ಅವರು ಬಿಚ್ಚಿ ತೆಗೀತಾರೆ. ಅಲ್ಲೀವರೆಗೂ ಮನೇಲಿ ಇಟ್ಕೊಳ್ಳಿ."

"ನಿನ್ನತ್ರಾನೇ ಇರ್ಲಿ ಬಿಡು."

"ಬೇಡ." ಅವನು ಡಿಸ್ಕನ್ನು ಅವಳತ್ತ ಸರಿಸಿದ. "ನೀವೇ ತಗೊಂಡು ಹೋಗಿ ಭಾಭಿ."

ಯಾಕೆ ಬೇಡ ಅಂದ ಅನ್ನುವುದು ಬಾವಿಯ ಹತ್ತಿರ ಅವಳಿಗೆ ತಿಳಿಯಿತು.

ಮನೆ ಬಾಗಿಲು ತೆಗೆದಾಗ ಲಚ್ಚು ನಡುಮನೆಯ ಚಾಪೆ ಮೇಲೆ ಮಲಗಿತ್ತು. ಅಣ್ಣಮ್ಮ ಗೋಡೆಗೊರಗಿ ಕೂತಿದ್ದರು. ಹಂಸ ಟವೆಲು ಬಿಚ್ಚಿ ಡಿಸ್ಕನ್ನು ನೆಲದ ಮೇಲಿಟ್ಟಳು.

ಟಿಕ್… ಟಿಕ್… ಟಿಕ್.

"ಗಡಿಯಾರ ಯಾಕೆ ತಂದೆ?" ಅಂದರು ಅಣ್ಣಮ್ಮ.

"ಗಡಿಯಾರ ಅಲ್ಲ ಅತ್ತೆ."

ಮತ್ತೆ ಮೂರು. ಅಣ್ಣಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಅವರ ಮುಖ ಬದಲಾಯಿತು.

"ಇದು ಅವನ ಎಡೆಗೆ ಇಟ್ಟಿದ್ದ ಡಬ್ಬಿ ತಾನೆ?"

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡ್ತಾರೆ. ಮುದ್ದೆ, ಬಾಡಿನ ಸಾರು, ವಡೆ, ಹೊಸ ಬಟ್ಟೆ. ಬೀಡಿ ಸೇದುತ್ತಿದ್ದವನಿಗೆ ಬೀಡಿ, ಕುಡಿಯುತ್ತಿದ್ದವನಿಗೆ ಕ್ವಾರ್ಟರ್. ಬದುಕಿದ್ದಾಗ ಬೈದು ಕಿತ್ತುಕೊಂಡದ್ದನ್ನೆಲ್ಲ ಸತ್ತ ಮೇಲೆ ಕರೆದು ಕೊಡೋರು ನಮ್ಮ ಜನ. ನಿತೀಶನಿಗೆ ಎರಡೂ ಅಭ್ಯಾಸ ಇರಲಿಲ್ಲ. "ಊಟ ಬಿಟ್ಟಾನು, ಇದನ್ನ ಬಿಡ್ತಿರ್ಲಿಲ್ಲ" ಅಂತ ಅಣ್ಣಮ್ಮ ಈ ಡಿಸ್ಕನ್ನೇ ಎಲೆಯ ಪಕ್ಕದಲ್ಲಿಟ್ಟಿದ್ದರು. ಎಡೆ ಇಟ್ಟಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಬಂದವರು ಉಂಡು ಏಳುವವರೆಗೆ ಯಾರೂ ನೋಡಬಾರದು. ಆಮೇಲೆ ಬಾಗಿಲನ್ನು ಮೂರು ಸಲ ತಟ್ಟಿ, ಕೊಂಚ ತಡೆದು, ತೆಗೆಯಬೇಕು. ತಟ್ಟದೆ ತೆಗೆದರೆ ಉಣ್ಣುತ್ತಿದ್ದವರು ಏಳಲಾರದೆ ಅಲ್ಲೇ ಉಳಿದುಬಿಡ್ತಾರೆ ಅನ್ನುತ್ತಾರೆ ಹಿರಿಯರು.

"ಅವತ್ತು ಬಾಗಿಲು ತೆಗೆದವಳು ನೀನು." ಅಣ್ಣಮ್ಮನ ದನಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. "ತಟ್ಟಿದ್ಯಾ?"

ಹಂಸ ಬಿಚ್ಚಿದ ಟವೆಲನ್ನು ಮಡಚತೊಡಗಿದಳು.

"ಹಂಸಾ… ತಟ್ಟಿದ್ಯೇನೇ?"

"ನೀವು ಕಾಗೆಗೆ ಇಡೋಕೆ ಮೇಲೆ ಹೋಗಿದ್ರಿ. ಲಚ್ಚು ಕಿರುಚ್ತಿದ್ಲು. ಹಾಲಿನ ಬಾಟ್ಲಿ ಒಳಗೇ ಉಳ್ಕೊಂಡಿತ್ತು…"

"ಏನು ನೋಡ್ದೆ?"

"ಏನೂ ಇಲ್ಲ." ಆಮೇಲೆ ಹೇಳಿದಳು. "ನೀರಿನ ಲೋಟ ಅಲ್ಲಾಡ್ತಿತ್ತು. ಈಗಷ್ಟೇ ಯಾರೋ ಕೆಳಗಿಟ್ಟ ಹಾಗೆ."

ಟಿಕ್… ಟಿಕ್…

ಮೂರನೆಯದು ಬಹಳ ತಡವಾಗಿ ಬಂತು. ಬಾವಿಯ ಹತ್ತಿರ ಅಂಗೈಗೆ ಬಡಿದ ಸದ್ದನ್ನು ಈಗ ಬಗ್ಗಿ ಕೇಳಬೇಕಾಗಿತ್ತು.

"ಸೊರಗ್ತಿದಾನೆ" ಅಂದರು ಅಣ್ಣಮ್ಮ. "ಏಳು. ಎಡೆ ಇಟ್ಟು, ತಟ್ಟಿ, ಕಳಿಸಿಕೊಡೋಣ."

"ಕಳಿಸಿಬಿಟ್ರೆ… ದನಿ?"

ಅಣ್ಣಮ್ಮ ನೆಲಕ್ಕೆ ಕೈಯೂರಿ ಎದ್ದರು.

"ಸೋಮವಾರ ಲ್ಯಾಬಿನೋರು ತೆಗೀತಾರೆ ಅತ್ತೆ. ಲಚ್ಚು ಒಂದು ಸಲ ಕೇಳ್ಲಿ. ಒಂದೇ ಸಲ. ಅಲ್ಲೀತನಕ ಹಿಂಗೇ ಇರ್ಲಿ."

"ಇರ್ಲಿ?" ಮುದುಕಿ ಹಲ್ಲು ಕಚ್ಚಿ ಅಂದರು. "ಅರ್ಧ ಊಟದಲ್ಲಿ ತಡೆದಿರೋ ಗಂಡನ್ನ ಡಬ್ಬಿಯಲ್ಲಿ ಕೂಡಿಹಾಕ್ಕೊಂಡು ಸೋಮವಾರ ಅಂತಾಳೆ! ನಿನ್ನ ಮಗಳು ಹಸಿದು ಬಾಗಿಲು ತಟ್ಟಿದ್ರೂ ಸೋಮವಾರ ಬಾ ಅಂತೀಯೇನೇ?"

ಹಂಸ ಡಿಸ್ಕನ್ನೇ ನೋಡುತ್ತ ಕೂತಳು. ಟಿಕ್… ಅಂದಿತು. ಎರಡನೆಯದು ಬರಲೇ ಇಲ್ಲ.

ಅವಳು ಎದ್ದು ಹೋಗಿ ಒಲೆ ಹಚ್ಚಿದಳು.

ಬಾಡು ಇರಲಿಲ್ಲ, ಮಧ್ಯಾಹ್ನದ ಮೊಟ್ಟೆ ಸಾರಿತ್ತು. ಮುದ್ದೆ ತೊಳಸಿದಳು. ಬಾಳೆಲೆ ಇರಲಿಲ್ಲ, ಸ್ಟೀಲ್ ತಟ್ಟೆ. ನಿತೀಶನ ಕೋಣೆಯಲ್ಲಿ ಮಣೆ ಹಾಕಿ, ಎದುರಿಗೆ ತಟ್ಟೆ ಇಟ್ಟು, ಲೋಟಕ್ಕೆ ನೀರು ತುಂಬಿ, ದೀಪ ಹಚ್ಚಿ, ಡಿಸ್ಕನ್ನು ಪಕ್ಕದಲ್ಲಿಟ್ಟರು. ಏನು ಮರೆತಿದ್ದೇವೆ ಅಂತ ಅಡುಗೆಮನೆಗೂ ಕೋಣೆಗೂ ಓಡಾಡಿದರು. ಕೊನೆಗೆ ಬಾಗಿಲು ಮುಚ್ಚಿ ಚಿಲಕ ಹಾಕಿ, ಬಾಗಿಲಿಗೇ ಮುಖ ಮಾಡಿ ನೆಲದ ಮೇಲೆ ಕೂತರು.

ಏನೂ ಇಲ್ಲ.

ದೂರದಲ್ಲಿ ಒಂದು ನಾಯಿ ಬೊಗಳಿತು. ಫ್ರಿಜ್ಜು ಗುರ್ರ್ ಅಂತ ನಡುಗಿ ನಿಂತಿತು. ಆಮೇಲೆ… ಬಾಗಿಲಿನಾಚೆ…

ಗುಂಯ್ಯ್ಯ್…

ಸಣ್ಣದಾಗಿ ಶುರುವಾಗಿ ಏರುತ್ತ ಹೋಯಿತು. ಆ ಸದ್ದು ಹಂಸಳಿಗೆ ಗೊತ್ತು. ನಿತೀಶ ರಾತ್ರಿ ಕೂತು ಮದುವೆ ವಿಡಿಯೋ ಕತ್ತರಿಸುವಾಗ ಅವಳು ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಡಿಸ್ಕು ತಿರುಗುವ ಸದ್ದು.

"ಅತ್ತೆ… ಅದಕ್ಕೆ ವೈರೇ ಹಾಕಿಲ್ಲ."

"ಶ್!" ಅಣ್ಣಮ್ಮ ಅವಳ ಮಣಿಕಟ್ಟು ಹಿಡಿದರು. ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ.

ಗುಂಯ್ ಸದ್ದಿನ ಒಳಗಿಂದ ಇನ್ನೊಂದು ಸದ್ದು. ಗಂಡು ದನಿ. ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಏರುತ್ತ ಇಳಿಯುತ್ತ… ನಡುವೆ ನಿಂತು… ಮತ್ತೆ ಶುರುವಾಗುತ್ತ… ಹೊಟ್ಟೆಗೆ ಬಾಯಿಟ್ಟು ಮಾತಾಡಿದ ಹಾಗೆ.

ಹಂಸ ಬಾಯಿಗೆ ಸೆರಗು ತುರುಕಿಕೊಂಡಳು.

ಆಗ ಒಳಗೆ ಮಗು ನಕ್ಕಿತು.

ಕಿಲ ಕಿಲ. ಒಂದೇ ಸಲ.

ಇಬ್ಬರೂ ಒಟ್ಟಿಗೆ ಹಿಂತಿರುಗಿ ನೋಡಿದರು. ಚಾಪೆ ಖಾಲಿ. ದುಪ್ಪಟಿ ಒಂದು ಕಡೆ ಬಿದ್ದಿತ್ತು. ಓಡಾಡುವಾಗ ಯಾವಾಗ ಎದ್ದಿತೋ, ಯಾವಾಗ ಅಂಬೆಗಾಲಿಕ್ಕಿ ಕಾಲ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತೋ…

ಹಂಸ ಹಾರಿ ಚಿಲಕಕ್ಕೆ ಕೈ ಹಾಕಿದಳು. ಅಣ್ಣಮ್ಮ ಅವಳ ಕೈಯ ಮೇಲೆ ಬಿದ್ದರು.

"ತಟ್ಟು!"

"ಬಿಡಿ ಅತ್ತೆ! ನನ್ನ ಮಗು ಒಳಗಿದೆ!"

"ಅದಕ್ಕೇ ಹೇಳ್ತಿರೋದು. ಹೋದ ಸಲ ಅವನೊಬ್ಬನೇ ಇದ್ದ. ತಟ್ಟು… ಆಮೇಲೆ ತೆಗಿ."

ಹಂಸಳ ಬೆರಳು ಚಿಲಕದ ಮೇಲೇ ಇತ್ತು. ಒಂದು ಎಳೆತ ಸಾಕಿತ್ತು. ಹೆತ್ತವಳಿಗೆ ಆ ಗಳಿಗೆ ಎಂಥದ್ದು ಅಂತ ಹೆರದವರಿಗೆ ಹೇಳಿ ಉಪಯೋಗವಿಲ್ಲ. ಅವಳು ಬೆರಳು ಬಿಡಿಸಿದಳು. ಮುಷ್ಟಿ ಮಾಡಿದಳು.

ಟಕ್… ಟಕ್… ಟಕ್.

ಮಾತು ನಿಂತಿತು.

ಗುಂಯ್ ಸದ್ದು ಇಳಿಯತೊಡಗಿತು. ಇಳಿದು… ಇಳಿದು… ಫ್ಯಾನು ನಿಲ್ಲುವ ಹಾಗೆ ಎಳೆದು… ನಿಂತಿತು. ಮಣೆ ನೆಲಕ್ಕೆ ಉಜ್ಜಿ ಹಿಂದೆ ಸರಿದ ಸದ್ದು. ಆಮೇಲೆ ಏನೂ ಇಲ್ಲ.

ಹಂಸ ಬಾಗಿಲು ತೆಗೆದಳು.

ದೀಪ ಅಲ್ಲಾಡದೆ ಉರಿಯುತ್ತಿತ್ತು. ಲಚ್ಚು ತಟ್ಟೆಯ ಪಕ್ಕದಲ್ಲಿ ಕಾಲು ಚಾಚಿ ಕೂತು, ಎದುರಿನ ಖಾಲಿ ಮಣೆಯನ್ನು ನೋಡುತ್ತಿತ್ತು. ಅಳುತ್ತಿರಲಿಲ್ಲ. ಅಮ್ಮ ಬಾಚಿ ಎತ್ತಿಕೊಂಡ ಮೇಲೇ ಅತ್ತಿತು, ಅದೂ ಆ ಮಣೆಯ ಕಡೆಗೆ ಕೈ ಚಾಚಿ. ಅಣ್ಣಮ್ಮ ಡಿಸ್ಕನ್ನು ಮುಟ್ಟಿ ಕೈ ಹಿಂದೆ ತೆಗೆದರು. ಕಾಯಿಸಿಟ್ಟ ಹಾಗೆ ಬೆಚ್ಚಗಿತ್ತು.

ಆಮೇಲೆ ಅದು ತಟ್ಟಲಿಲ್ಲ.

ಸೋಮವಾರ ಮೊಹ್ಸಿನ್ ಅದನ್ನು ಗರುಡಾಚಾರ್‌ಪಾಳ್ಯಕ್ಕೆ ತೆಗೆದುಕೊಂಡು ಹೋದ. ಸಂಜೆ ಫೋನ್ ಮಾಡಿದ.

"ಒಳಗಿನ ತಟ್ಟೆ ಪೂರ್ತಿ ಸವೆದಿದೆ ಭಾಭಿ. ಮೇಲಿನ ಲೇಪ ಒಂದಿಷ್ಟೂ ಉಳಿದಿಲ್ಲ. ಈ ಕಡೆಯಿಂದ ನೋಡಿದ್ರೆ ಆ ಕಡೆ ಕಾಣುತ್ತೆ, ಕಿಟಕಿ ಗಾಜಿನ ಥರ. ಹಿಂಗಾಗ್ಬೇಕಂದ್ರೆ ಬಿಡದೆ ಓಡಿರ್ಬೇಕಂತೆ, ತಿಂಗಳುಗಟ್ಟಲೆ… ನೀವು ಕರೆಂಟ್ ಕೊಟ್ರಾ?"

"ಇಲ್ಲ ಭಾಯ್."

"ಒಂದು ಅಕ್ಷರನೂ ವಾಪಸ್ ಬರಲ್ಲ ಅಂದ್ರು. ಮಾಫ್ ಮಾಡಿ."

"ಆಯ್ತು ಬಿಡು" ಅಂದಳು ಹಂಸ. ಅಳಲಿಲ್ಲ. ಗಂಡನ ದನಿ ಹೋಯಿತು, ಕಣ್ಣಲ್ಲಿ ಒಂದು ಹನಿ ಇಲ್ಲ ನೋಡಿ ಅಂತ ಬೀದಿಯಲ್ಲಿ ಮಾತಾಡಿಕೊಂಡರು. ಬೀದಿಗೇನು, ಅತ್ತಿದ್ದರೆ ನಾಟಕ ಅನ್ನುತ್ತಿತ್ತು.

ಅವಳು ಯಾಕೆ ಅಳಲಿಲ್ಲ ಅನ್ನುವುದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಮಗುವನ್ನು ಎತ್ತಿಕೊಂಡು ನಡುಮನೆಯ ಬೆಳಕಿಗೆ ಬಂದಾಗ, ಅದರ ತುಟಿಯ ಸುತ್ತ ಮೊಟ್ಟೆ ಸಾರು ಮೆತ್ತಿತ್ತು. ಗಲ್ಲದ ಮೇಲೆ ಮುದ್ದೆಯ ಚೂರು. ತಟ್ಟೆಯಲ್ಲಿ ಮುದ್ದೆ ಮುರಿದಿತ್ತು, ದೊಡ್ಡವರು ಮುರಿಯುವ ಹಾಗೆ, ಅಂಚಿನಿಂದ. ಲಚ್ಚುಗೆ ಆಗ ತಾನಾಗಿ ಎತ್ತಿ ತಿನ್ನಲು ಬರುತ್ತಿರಲಿಲ್ಲ. ಎಲ್ಲೋ ಕೈ ಹಾಕಿ ಬಳಿದುಕೊಂಡಿರಬೇಕು ಅಂತ ಹಂಸ ಅದರ ಎರಡೂ ಮುಷ್ಟಿ ಬಿಡಿಸಿದಳು. ಅಣ್ಣಮ್ಮ ಒಳಗಿನ ದೀಪ ತಂದು ಹತ್ತಿರ ಹಿಡಿದರು.

ಇದನ್ನು ನಂಬದವರು ಬಂದು ಆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಬಹುದು. ಅತ್ತೆ ಸೊಸೆ ಉಪ್ಪು ಹೆಚ್ಚೋ ಕಮ್ಮಿಯೋ ಅನ್ನುವುದರಲ್ಲೂ ಒಂದಾಗುವವರಲ್ಲ, ಇದೊಂದರಲ್ಲಿ ಒಂದೇ ಮಾತು.

ಮಗುವಿನ ಎರಡು ಕೈಯೂ ಚೊಕ್ಕವಾಗಿದ್ದವು. ಬೆರಳ ಸಂದಿಯಲ್ಲೂ ಒಂದು ಹನಿ ಸಾರಿರಲಿಲ್ಲ.