ಸಡಿಲವಾಗಿದ್ದ ನಟ್ಟು

ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗಳಿಗೆ. ಯಾರೋ ಎಲ್ಲೋ ಹೇಳಿದ್ದಲ್ಲ. ಅಕ್ಕನೇ ಒಂದು ರಾತ್ರಿ ದೀಪ ಆರಿಸಿ, ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದು.

ಅವತ್ತು ರಾತ್ರಿ ಹತ್ತೂವರೆ. ಅಕ್ಕ ಹಳೇ ಬಾವಿಯ ರಸ್ತೆಯಲ್ಲಿ ಒಬ್ಬಳೇ ಮನೆಗೆ ಬರುತ್ತಿದ್ದಳು. ಸೈಕಲ್ ಇತ್ತು... ಆದರೆ ಹತ್ತಿರಲಿಲ್ಲ. ತಳ್ಳಿಕೊಂಡು ಬರುತ್ತಿದ್ದಳು. ಟಿಕ್ ಟಿಕ್ ಟಿಕ್... ಚಕ್ರದ ಸದ್ದು. ನಡುವೆ ಆಗೊಮ್ಮೆ ಈಗೊಮ್ಮೆ, ಕಟಕ್. ಆ ಕಟಕ್ ಯಾಕೆ ಬರುತ್ತದೆ ಅಂತ ಇಡೀ ಊರಲ್ಲಿ ಅವಳೊಬ್ಬಳಿಗೇ ಗೊತ್ತು. ಹಿಂದಿನ ಚಕ್ರದ ನಟ್ಟು ಸಡಿಲವಾಗಿತ್ತು.

ಅವಳು ಬರುತ್ತಿದ್ದದ್ದು ಪಂಪ್ ಮಾವನ ನೆನಪಿಗೆ ಅಂತ ವಾಚನಾಲಯದಲ್ಲಿ ಸೇರಿದ್ದ ಸಭೆಯಿಂದ. ಪಂಪ್ ಮಾವ ಅಂದರೆ ಸೈಕಲ್ ಶಾಪಿನವರು. ರಾತ್ರಿ ಅಂಗಡಿ ಮುಚ್ಚಿದರೂ ಪಂಪು ಮಾತ್ರ ಹೊರಗೇ ಇಟ್ಟು ಹೋಗುತ್ತಿದ್ದರು, ಯಾರಿಗಾದರೂ ಬೇಕಾದೀತು ಅಂತ. ಊರಿನ ಅರ್ಧ ಜನಕ್ಕೆ ಸೈಕಲ್ ಕಲಿಸಿದ್ದೂ ಅವರೇ. ಸಭೆಯಲ್ಲಿ ಮೇಷ್ಟ್ರು ಹೇಳಿದ್ದು ಅದನ್ನೇ.

"ಜೀವಮಾನದಲ್ಲಿ ಆ ಮನುಷ್ಯ ಹೇಳಿದ್ದು ಒಂದೇ ಸುಳ್ಳು ಕಣ್ರೀ. 'ಹಿಡ್ಕೊಂಡಿದ್ದೀನಿ, ತುಳಿ' ಅನ್ನೋರು. ಯಾವಾಗಲೋ ಬಿಟ್ಟಿರೋರು!"

"ನನ್ನ ಮುರಿದ ಮುಂದಿನ ಹಲ್ಲನ್ನ ಕೇಳಿ, ಹೇಳುತ್ತೆ," ಅಂದ ಬೇಕರಿಯವನು.

ಎಲ್ಲರೂ ಕಣ್ಣೊರೆಸಿಕೊಂಡೇ ನಕ್ಕರು. ಆಗ ಮಾವನ ಹೆಂಡತಿ, ಅತ್ತೆ, ಎದ್ದು ನಿಂತರು.

"ನಗಿ, ನಗಿ. ಅವರಿಗೂ ಅದೇ ಇಷ್ಟ. ಆದ್ರೆ ನಂಗೊಂದು ಹೇಳಿ. ಅಂಗಡಿ ಬಾಗಿಲು ತೆಗೆದೇ ಬಿಟ್ಟು, ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು, ಬಾವಿ ತನಕ ಯಾರ ಹಿಂದೆ ಓಡಿದ್ರು? ಬೆಳಗ್ಗೆ ಸಿಕ್ಕಾಗಲೂ ಸ್ಪ್ಯಾನರ್ ಮುಷ್ಟಿಯಲ್ಲೇ ಇತ್ತು. ಅದೊಂದು ಗೊತ್ತಾದ್ರೆ... ನಾನು ನಿದ್ದೆ ಮಾಡ್ತೀನಿ."

ಅಕ್ಕ ತನ್ನ ಚಪ್ಪಲಿ ನೋಡುತ್ತಾ ಕೂತಳು.

ಹನ್ನೆರಡು ದಿನದ ಹಿಂದೆ ಸಂಜೆ ಅವಳ ಚಕ್ರಕ್ಕೆ ಪಂಕ್ಚರ್ ಹಾಕಿದ್ದು ಮಾವನೇ. ಅವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಸೈಕಲ್ ತಗೊಂಡು ಹೊರಟಾಗ ರಾತ್ರಿಯಾಗಿತ್ತು. ಬಾವಿಯ ಹತ್ತಿರ ಹಿಂದೆ ಯಾರೋ ಓಡಿ ಬರುವ ಸದ್ದು. ಚಟ್... ಸರ್ರ್. ಚಟ್... ಸರ್ರ್. ಏದುಸಿರು, ಗಂಟಲಲ್ಲಿ ಗರಗರ. "ನಿಲ್ಲಮ್ಮಾ..." ಅಂದ ಆ ದನಿ ಯಾರದ್ದು ಅಂತ ತಿಳಿಯುವಂತಿರಲಿಲ್ಲ. ಕತ್ತಲು, ಒಂಟಿ ಹುಡುಗಿ. ಇನ್ನೂ ಜೋರಾಗಿ ತುಳಿದಳು. ಧೊಪ್ ಅಂತ ಏನೋ ಬಿದ್ದ ಸದ್ದೂ ಕೇಳಿತು. ನಿಲ್ಲಲಿಲ್ಲ.

ಬೆಳಗ್ಗೆ ಸುದ್ದಿ ಬಂತು, ಮಾವ ಬಾವಿಯ ಹತ್ತಿರ ಸತ್ತು ಬಿದ್ದಿದ್ದರು ಅಂತ. ಮಾವನ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತಂತೆ. ಅಕ್ಕ ಹಿತ್ತಲಿಗೆ ಹೋಗಿ ಸೈಕಲ್ ನೋಡಿದಳು. ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಬಿಗಿ ಮಾಡಲು ಮರೆತಿದ್ದರು. ಅದನ್ನು ಹೇಳೋದಕ್ಕೇ ಓಡಿ ಬಂದಿದ್ದರು.

ಆಮೇಲೆ ಅವಳು ನಡೆದೇ ಕೆಲಸಕ್ಕೆ ಹೋದಳು. "ಸೈಕಲ್ಲಿಗೇನೇ, ಜ್ವರಾನಾ?" ಅಂತ ಅಣ್ಣ ಕಿಚಾಯಿಸಿದ್ದಕ್ಕೆ ಸಭೆಯ ದಿನ ಮೊದಲ ಸಲ ಹೊರಗೆ ತೆಗೆದಿದ್ದಳು.

ಬಾವಿ ಬಂತು. ಗಾಳಿಗೆ ರಾಟೆ ಕೀಂಯ್... ಅಂದು ಸುಮ್ಮನಾಯಿತು.

ಹಿಂದೆ... ಚಟ್. ಸರ್ರ್. ಚಟ್. ಸರ್ರ್.

ಸೈಕಲ್ ಭಾರವಾಯಿತು. ಕ್ಯಾರಿಯರನ್ನು ಯಾರೋ ಹಿಡಿದ ಹಾಗೆ.

"ನಿಲ್ಲಮ್ಮಾ."

ಈ ಸಲ ನಿಂತಳು. ತಿರುಗಿ ನೋಡಲಿಲ್ಲ.

ಕಿರ್ರ್... ಕಿರ್ರ್... ಕಿರ್ರ್. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು. ಮೂರು ಸುತ್ತು. ಹ್ಯಾಂಡಲ್ ಅದುರಿದ್ದು ಅಂಗೈಗೆ ಗೊತ್ತಾಯಿತು.

"ಹತ್ತು. ತುಳಿ."

ಏಳು ವರ್ಷದವಳಿದ್ದಾಗ, ಮಾವ ಸೈಕಲ್ ಕಲಿಸುವಾಗ ಮಾತು ಕೇಳಿದ ಹಾಗೇ ಈಗಲೂ ಕೇಳಿದಳು. ಹತ್ತಿದಳು. ತುಳಿದಳು. ಹಿಂದೆ ಚಪ್ಪಲಿ ಓಡುತ್ತಿತ್ತು. ಚಟ್ ಸರ್ರ್, ಚಟ್ ಸರ್ರ್... ಅಷ್ಟು ಓಡಿದರೂ ಉಸಿರಿನ ಸದ್ದೇ ಇರಲಿಲ್ಲ.

"ಮಾವ... ಬಿಡಿ."

"ಹಿಡ್ಕೊಂಡಿದ್ದೀನಿ."

"ಬಿಡಿ ಮಾವ, ದಮ್ಮಯ್ಯ..."

"ಹಿಡ್ಕೊಂಡಿದ್ದೀನಿ."

"ನಾಳೆ ಅತ್ತೆಗೆ ಹೇಳ್ತೀನಿ! ಆಣೆ ಮಾಡ್ತೀನಿ, ಹೇಳ್ತೀನಿ!"

ಭಾರ ಅಲ್ಲೇ ಇಳಿಯಿತು. ಮಕ್ಕಳು ಏನು ಹೇಳಿದರೂ ನಂಬುತ್ತಿದ್ದ ಮನುಷ್ಯ.

ಮರುದಿನ ಅಕ್ಕ ಹೋದಳು. ಸುಳ್ಳಲ್ಲ, ಹೋದಳು. ಅತ್ತೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಸ್ಪ್ಯಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಇವಳನ್ನು ನೋಡಿ ಮುಖ ಅರಳಿತು.

"ಬಾರಮ್ಮ. ಡಾಕ್ಟರು ಬರೆದ ನಿದ್ದೆ ಮಾತ್ರೆ ತಂದ್ಯಾ? ಎಷ್ಟು ಒಳ್ಳೇಳು ನೀನು."

ಅಕ್ಕ ಮಾತ್ರೆ ಕೊಟ್ಟಳು. ವಾಪಸ್ ಬಂದಳು.

ಈಗಲೂ ತಿಂಗಳು ತಿಂಗಳು ಕೊಡುತ್ತಾಳೆ. ಅತ್ತೆ ಈಗಲೂ ಎಲ್ಲರನ್ನೂ ಅದನ್ನೇ ಕೇಳುತ್ತಾರೆ. ಅಕ್ಕ ಹೇಳಿದ್ದು ನನ್ನೊಬ್ಬಳಿಗೆ. ನಾನೂ ಅತ್ತೆಯನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ.

ಅವತ್ತು ಅತ್ತೆಗೆ ಮಾತ್ರೆ ಕೊಟ್ಟು ಬಂದವಳೇ ಅಕ್ಕ ಸೈಕಲ್ಲನ್ನು ದೊಡ್ಡಮ್ಮನ ಮನೆಯ ಹಿತ್ತಲಿನ ಕೋಣೆಗೆ ಹಾಕಿದಳು. ನಾಲ್ಕು ವರ್ಷವಾಯಿತು. ಯಾರೂ ಹತ್ತಿಲ್ಲ, ಗಾಳಿ ಹೊಡೆದಿಲ್ಲ. ಆ ಮನೆಯಲ್ಲಿ ಪಂಪೇ ಇಲ್ಲ. ಸೀಟಿನ ಮೇಲೆ ಒಂದು ಬೆರಳು ದಪ್ಪ ಧೂಳು.

ಹೋದ ಭಾನುವಾರ ನಾನೇ ಬಗ್ಗಿ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಒತ್ತಿದ್ದು ನಾನು.

ಎರಡೂ ಟೈರು ಕಲ್ಲಿನ ಹಾಗೆ ಗಟ್ಟಿ.